ಚುಕ್ಕಿ ತಪ್ಪಿದ್ದೆಲ್ಲಿ?

ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುವಾಗ ಎದುರುಮನೆಯವರು ಬಂದು ನಿಂತು, "ಬಲಗಡೆ ಒಂದು ಚುಕ್ಕಿ ಬಿಟ್ಟುಹೋಗಿದೆ ನೋಡ್ರೀ" ಅಂದರೆ ನಮಗೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? "ಹೌದಲ್ಲ!" ಎಂದು ಕೈಯಿಂದ ಒರೆಸಿ ಮತ್ತೆ ಎಳೆಯುತ್ತೇವೆ, ಅಷ್ಟೇ. ಅದೇ ಮಾತು ಕಾಗದದ ಮೇಲೆ ಬರೆದ ಚಿತ್ರದ ಬಗ್ಗೆ ಬಂದರೆ ಮಾತ್ರ ರಾತ್ರಿಯೆಲ್ಲ ನಿದ್ದೆ ಹತ್ತುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮೂರಿನ ಮಹಿಳಾ ಸಮಾಜದಿಂದ ದೀಪಾವಳಿಗೆ ಒಂದು ಕೈಬರಹದ ಪತ್ರಿಕೆ ತರುತ್ತೇವೆ. ಕಥೆ, ಹಾಡು, ಅಡುಗೆ ಎಲ್ಲ ನಮ್ಮವೇ. ಅದಕ್ಕೆ ಚಿತ್ರ ಬರೆಯುವವರು ನಾವು ಏಳು ಮಂದಿ. ಹದಿನೈದು ದಿನಕ್ಕೊಮ್ಮೆ ಶನಿವಾರ ಮಧ್ಯಾಹ್ನ, ಪಾತ್ರೆ ಪಡಗ ಮುಗಿಸಿಕೊಂಡು, ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಬರೆದದ್ದನ್ನು ಗೋಡೆಗೆ ಒರಗಿಸಿಡಬೇಕು, ಉಳಿದವರು ನೋಡಿ ಹೇಳಬೇಕು. ಎಲ್ಲರೂ ಹೇಳಿ ಮುಗಿಸುವ ತನಕ ಬರೆದವರು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಇದು ಟೀಚರಮ್ಮನ ಕಟ್ಟುನಿಟ್ಟು. "ಹೆಂಗಸರಿಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿಲ್ಲ" ಎಂದು ನಮ್ಮವರು ನಗುತ್ತಾರೆ. ನಗಲಿ ಬಿಡಿ. ಸಾರಿಗೆ ಉಪ್ಪು ಹೆಚ್ಚಾದ ದಿನ ಅವರು ತುಟಿ ಮುಚ್ಚಿ ಉಂಡದ್ದನ್ನು ನಾನಂತೂ ಕಂಡಿಲ್ಲ.

ಹೋದ ಸಲ ನನ್ನ ಪಾಲಿಗೆ ಬಂದದ್ದು ಪುಣ್ಯಕೋಟಿಯ ಕಥೆ. ಹುಲಿಯ ಮುಂದೆ ಹಸು ಬಂದು ನಿಂತ ಸನ್ನಿವೇಶ. ನಾಲ್ಕು ದಿನ ಕೂತು ಬರೆದೆ. ಹಸುವಿನ ಕಣ್ಣಲ್ಲಿ ನೀರು, ಹಿಂದೆ ಬೆಟ್ಟ, ಮೇಲೆ ಮೋಡ. ಗೋಡೆಗೆ ಒರಗಿಸಿದಾಗ ಒಳಗೊಳಗೇ ಉಬ್ಬಿದ್ದೆ. ಆಗ ಮೂಲೆಮನೆಯ ಅಕ್ಕ ಕನ್ನಡಕ ಏರಿಸಿಕೊಂಡು, "ಅಲ್ಲ ಮಾರಾಯ್ತಿ, ಹಸುವಿಗೆ ಕೊಂಬಿನ ಮೇಲೆ ಕಿವಿ ಇರುತ್ತದೆಯೇ? ಹಿಂಗಾಲೂ ಮುಂಗಾಲಿನ ಹಾಗೇ ನೆಟ್ಟಗಿದೆ. ಮೇಜಿಗೆ ನಾಲ್ಕು ಕಾಲು ಹೊಡೆದ ಹಾಗಾಯಿತು" ಅಂದುಬಿಟ್ಟರು. ಎಲ್ಲರೂ ನಕ್ಕರು. ನನಗೆ ಮುಖವೆಲ್ಲ ಬಿಸಿಯಾಯಿತು.

ಮನೆಗೆ ಬಂದು ಚೀಲ ಎಸೆದೆ. ನಮ್ಮವರು ಚಿತ್ರ ನೋಡಿ, "ಬಹಳ ಚೆನ್ನಾಗಿದೆಯಲ್ಲ, ಅವರಿಗೇನು ಗೊತ್ತು?" ಎಂದು ಸಮಾಧಾನ ಮಾಡಿದರು. ಹತ್ತಿದ ಮುಳ್ಳು ಆ ಹೊಗಳಿಕೆಗೆ ಕೀಳಲಿಲ್ಲ. ಮರುದಿನ ತಡೆಯಲಾರದೆ ಹಿಂದಿನ ಬೀದಿಯ ಹಾಲಿನವರ ಕೊಟ್ಟಿಗೆಗೆ ಹೋಗಿ ನಿಂತೆ. ನಿಜ! ಕೊಂಬು ನೆತ್ತಿಯ ಮೇಲೆ, ಕಿವಿ ಅದರ ಕೆಳಗೆ ಪಕ್ಕಕ್ಕೆ. ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದ ಹಾಗೆ ಕಾಣುವ ಗಂಟನ್ನು ನಾನು ಮೊಣಕಾಲೆಂದೇ ತಿಳಿದಿದ್ದೆ. ಅದು ನಮ್ಮ ಕಾಲಿನ ಹಿಮ್ಮಡಿ ಇದ್ದ ಹಾಗೆ, ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇರುತ್ತದೆ ಎಂದು ಟೀಚರಮ್ಮ ಆಮೇಲೆ ಬಿಡಿಸಿ ಹೇಳಿದರು. ತವರಿನಲ್ಲಿ ಹತ್ತು ವರ್ಷ ಹಾಲು ಕರೆದವಳು ನಾನು! ಅಷ್ಟು ವರ್ಷವೂ ಚೆಂಬನ್ನು ನೋಡಿದ್ದೆನೇ ಹೊರತು ಹಸುವನ್ನು ನೋಡಿರಲಿಲ್ಲ.

ಇಷ್ಟಾದರೂ ಬುದ್ಧಿ ಬಂತೇ? ಮುಂದಿನ ಶನಿವಾರ ನಾನೇ ಇನ್ನೊಬ್ಬರ ಮೇಲೆ ಬಿದ್ದೆ.

ನಮ್ಮ ಗುಂಪಿಗೆ ಹೊಸದಾಗಿ ಸೇರಿದವಳು ಒಬ್ಬ ಹುಡುಗಿ. ಹೋದ ವರ್ಷ ಮದುವೆಯಾಗಿ ನಮ್ಮ ಬೀದಿಗೆ ಬಂದವಳು. ಮೊಮ್ಮಗುವಿಗೆ ಕಥೆ ಹೇಳುವ ಅಜ್ಜಿಯನ್ನು ಬರೆದು ತಂದಿದ್ದಳು. ನನ್ನ ಸರದಿ ಬಂದಾಗ, "ಸೀರೆಯೆಲ್ಲ ಚೆನ್ನಾಗಿದೆ. ಆದರೆ ಅಜ್ಜಿಯ ಮುಖದಲ್ಲಿ ಜೀವವೇ ಇಲ್ಲ" ಅಂದೆ. ನನಗಾದ ಅವಮಾನವನ್ನು ಅವಳ ಮೇಲೆ ತೀರಿಸಿಕೊಂಡೆನೋ, ತಿಳಿದವಳೆನ್ನಿಸಿಕೊಳ್ಳುವ ಆಸೆಯೋ, ಈಗಲೂ ಹೇಳಲಾರೆ. ಅವಳು ಕಾಗದ ಸುರುಳಿ ಸುತ್ತಿಕೊಂಡು ಹೋದಳು. ಮುಂದಿನ ಎರಡು ಶನಿವಾರ ಬರಲಿಲ್ಲ.

ಟೀಚರಮ್ಮ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಕೇಳಿದರು, "ಜೀವ ಇಲ್ಲ ಅಂದಿರಲ್ಲ, ಮನೆಗೆ ಹೋಗಿ ಆ ಹುಡುಗಿ ಯಾವ ಗೆರೆ ಅಳಿಸಬೇಕಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಆಗ ಅವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಸಂಗತಿ ಹೇಳಿದರು. ಚಿಕ್ಕಂದಿನಿಂದ ಕಾಗೆಗಳನ್ನು ನೋಡಿ ನೋಡಿ ಬರೆದ ಹುಡುಗ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಅಲ್ಲಿ ಕಲಿಯಲು ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿಲ್ಲ ಎಂಬರ್ಥದ ಉತ್ತರ ಬಂತಂತೆ. ಅದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1951ರಿಂದ ದಶಕಗಳ ಕಾಲ, ಚೌಕಳಿ ಕೋಟಿನ 'ಶ್ರೀಸಾಮಾನ್ಯ'ನನ್ನು ಬರೆದು ದೇಶವನ್ನೇ ನಗಿಸಿದವರು ಅವರೇ ಅಲ್ಲವೇ? "ಅವರು ಗಟ್ಟಿಗರು, ತಡೆದುಕೊಂಡರು. ಎಲ್ಲರೂ ತಡೆದುಕೊಳ್ಳುತ್ತಾರೆಯೇ?" ಅಂದರು ಟೀಚರಮ್ಮ.

ಆಗಲೇ ನನಗೆ ರಂಗೋಲಿ ನೆನಪಾದದ್ದು. ಅಲ್ಲಿ ಯಾರೂ "ನಿಮ್ಮ ರಂಗೋಲಿಗೆ ಜೀವ ಇಲ್ಲ" ಅನ್ನುವುದಿಲ್ಲ, ತಪ್ಪಿದ ಚುಕ್ಕಿಗೆ ಬೆರಳಿಡುತ್ತಾರೆ. ಮೂಲೆಮನೆಯ ಅಕ್ಕನ ಮಾತು ಒರಟು, ನಿಜ. ಆದರೆ ಅವರು ಬೆರಳಿಟ್ಟದ್ದು ಕಿವಿಗೆ, ಹಿಂಗಾಲಿಗೆ. ಹಾಗಾಗಿ ನನಗೆ ಹೋಗಿ ನೋಡಲು ಒಂದು ಕೊಟ್ಟಿಗೆಯಾದರೂ ಸಿಕ್ಕಿತು. ಆ ಹುಡುಗಿಗೆ ನಾನು ಏನು ಕೊಟ್ಟೆ?

ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಅವಳ ಮನೆಗೆ ಹೋದೆ. ಅತ್ತೆ ಕಾಫಿ ಕೊಟ್ಟರು. "ನಾಲ್ಕು ದಿನ ಬರೆದಳು, ಆಮೇಲೆ ಪೆನ್ಸಿಲ್ಲನ್ನೆಲ್ಲ ಅಟ್ಟಕ್ಕೆ ಹಾಕಿದ್ದಾಳೆ" ಅಂದಾಗ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. "ಅಂದು ನಾನು ಹಾಗೆ ಹೇಳಬಾರದಿತ್ತಮ್ಮ. ಚಿತ್ರ ತೆಗೆದುಕೊಂಡು ಬಾ, ಇಬ್ಬರೂ ನೋಡೋಣ" ಅಂದೆ. ಒಲ್ಲದ ಮನಸ್ಸಿನಿಂದ ತಂದಳು.

ಗೋಡೆಯ ಕನ್ನಡಿಗೆ ಹಿಡಿದು ನೋಡಿದೆವು. ಕನ್ನಡಿಯಲ್ಲಿ ಎಡಬಲ ತಿರುಗುವುದರಿಂದ, ನೋಡಿ ನೋಡಿ ರೂಢಿಯಾದ ಕಣ್ಣಿಗೂ ತಪ್ಪು ಥಟ್ಟನೆ ಕಾಣುತ್ತದೆ. ಇದೂ ಟೀಚರಮ್ಮ ಕಲಿಸಿದ್ದೇ. ಆಮೇಲೆ ಒಂದು ಕಸಬರಿಗೆ ಕಡ್ಡಿ ಮುರಿದು ಅಜ್ಜಿಯ ನೆತ್ತಿಯಿಂದ ಗದ್ದದವರೆಗೆ ಅಳೆದೆವು. ಕಣ್ಣು ಸುಮಾರಾಗಿ ನಟ್ಟ ನಡುವೆ ಬರಬೇಕು. ಅವಳು ಮೇಲೆ ಹಣೆಯ ಹತ್ತಿರ ಇಟ್ಟಿದ್ದಳು. ನಾವೆಲ್ಲ ಮಾಡುವ ತಪ್ಪೇ ಅದು. ನಾವು ನೋಡುವುದು ಕಣ್ಣು ಮೂಗು ಬಾಯಿಯನ್ನಲ್ಲವೇ, ತಲೆಯ ಮೇಲುಭಾಗ ಲೆಕ್ಕಕ್ಕೇ ಬರುವುದಿಲ್ಲ. ಮಗುವಿನ ಮುಖದಲ್ಲಾದರೆ ಕಣ್ಣು ನಡುವಿಗಿಂತಲೂ ಕೆಳಗೆ. ಅತ್ತೆಯವರೂ ಹತ್ತಿರ ಬಂದು ಬಗ್ಗಿ ನೋಡಿ, "ಹಲ್ಲು ಬಿದ್ದ ಮುದುಕಿಗೆ ಗದ್ದ ಮೂಗಿನ ಹತ್ತಿರ ಬರುತ್ತದಮ್ಮ. ಇವಳಿಗೆ ಮೂವತ್ತೆರಡೂ ಇದ್ದ ಹಾಗಿದೆ" ಅಂದರು. ಹುಡುಗಿ ಅಷ್ಟು ದಿನಕ್ಕೆ ನಕ್ಕಳು. ಅಲ್ಲೇ ಕೂತು ಕಣ್ಣು ಅಳಿಸಿ ಕೆಳಗೆ ಬರೆದಳು, ಗದ್ದ ಮೇಲೆತ್ತಿದಳು. ಬಾಯಿ ಒಳಗೆ ಸೇರಿದ ಕೂಡಲೇ ಅಜ್ಜಿ ಕಥೆ ಹೇಳಲು ಹೊರಟ ಹಾಗೇ ಕಂಡಳು.

ನಾನು ಹೊರಡಲು ಎದ್ದಾಗ ಅವಳು ಬಾಗಿಲ ತನಕ ಬಂದಳು. ಏನೋ ಹೇಳಬೇಕು, ಹೇಳಲಾರಳು. "ಹೇಳಮ್ಮ" ಅಂದೆ.

"ಬೇಜಾರು ಮಾಡ್ಕೋಬೇಡಿ ಆಂಟಿ. ಎಲ್ಲರೂ ಹಸುವಿನ ಬಗ್ಗೆಯೇ ಹೇಳಿದರು. ನಿಮ್ಮ ಹುಲಿಗೆ ಕತ್ತೇ ಇಲ್ಲವಲ್ಲ, ತಲೆ ನೇರ ಬೆನ್ನಿಗೇ ಅಂಟಿದೆ."

ಮನೆಗೆ ಬಂದು ನೋಡಿದೆ. ಇರಲಿಲ್ಲ.