ಎಂಬತ್ತೊಂಬತ್ತು ಮತಗಳ ‘ಭೂರಿಪಕ್ಷಂ’

ಚುನಾವಣೆಯ ಫಲಿತಾಂಶವೊಂದನ್ನು ಅನಿರೀಕ್ಷಿತ ಎಂದು ಕರೆಯಬೇಕಾದರೆ ಅದಕ್ಕೆ ಮೊದಲು ಒಂದು ನಿರೀಕ್ಷೆ ಇರಬೇಕು, ಆ ನಿರೀಕ್ಷೆ ಯಾವುದೋ ಒಂದು ಭಾಷೆಯಲ್ಲಿ ಅಂಗಡಿ ಜಗಲಿಯ ಮೇಲೆ, ಬಸ್ಸಿನ ಸೀಟಿನಲ್ಲಿ, ಅಡಿಕೆ ಅಂಗಳದಲ್ಲಿ ಆಡಿ ಆಡಿ ಗಟ್ಟಿಯಾಗಿರಬೇಕು. ಒಂದೇ ಭಾಷೆಯ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿಲ್ಲ. ತಲಪಾಡಿಯ ಗಡಿ ದಾಟಿದೊಡನೆ ಆರಂಭವಾಗುವ, ಕೇರಳದ ಉತ್ತರ ತುದಿಯ ಮಂಜೇಶ್ವರದಲ್ಲಾದರೋ ನಿರೀಕ್ಷೆ ಬೆಳೆಯುವುದು ತುಳು, ಕನ್ನಡ ಮತ್ತು ಬ್ಯಾರಿ ಮಾತುಗಳಲ್ಲಿ. ಫಲಿತಾಂಶ ಬಂದು ಬೀಳುವುದು ಮಲಯಾಳಂ ವಾರ್ತಾವಾಹಿನಿಗಳಲ್ಲಿ. ಅದರ ಅರ್ಥವನ್ನು ಮತ್ತೆ ಬಿಡಿಸಿಕೊಳ್ಳುವುದು ಮರುದಿನ ಬೆಳಗಿನ ಕನ್ನಡ ಪತ್ರಿಕೆಯಲ್ಲಿ. ಹೀಗಾಗಿ ಗಡಿನಾಡ ಕನ್ನಡಿಗನ ಪಾಲಿಗೆ ಎಣಿಕೆಯ ದಿನದ ಆಘಾತವಾಗಲಿ ಸಂಭ್ರಮವಾಗಲಿ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಭಾಷೆ ಬದಲಾದಂತೆಲ್ಲ ಅದು ಬಣ್ಣವನ್ನೂ ಬದಲಿಸುತ್ತದೆ.

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳದ ಪಾಲಾದುದು, ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದುದು, ಆ ಶಿಫಾರಸು ಕಾಗದದಲ್ಲಿಯೇ ಉಳಿದುದು ಕನ್ನಡ ಓದುಗರಿಗೆ ಗೊತ್ತಿರುವ ಸಂಗತಿಗಳೇ. ಇಲ್ಲಿ ಬೇಕಾದುದು ಅದರ ದಿನನಿತ್ಯದ ಉಳಿಕೆ ಮಾತ್ರ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಗ್ರಾಮ ಪಂಚಾಯತುಗಳು ಸೇರಿ ಆದ ಈ ಕ್ಷೇತ್ರದಲ್ಲಿ ಮತಯಂತ್ರದ ಮೇಲಿನ ಹೆಸರುಗಳು ಮಲಯಾಳದ ಜೊತೆಗೆ ಕನ್ನಡ ಲಿಪಿಯಲ್ಲಿಯೂ ಇರುತ್ತವೆ. ಗುಂಡಿ ಒತ್ತುವವರೆಗೆ ಎರಡೂ ಭಾಷೆಗಳಿಗೆ ಸಮಾನ ಗೌರವ ಸಲ್ಲುತ್ತದೆ. ಎಣಿಕೆ ಆರಂಭವಾದ ಮೇಲೆ ಕನ್ನಡದ ಕೆಲಸ ಮುಗಿಯಿತೆಂದೇ ಹೇಳಬೇಕು. ಸುತ್ತು ಸುತ್ತಿನ ಲೆಕ್ಕ ತಿರುವನಂತಪುರ, ಕೊಚ್ಚಿಗಳ ವಾಹಿನಿಗಳಿಂದ ಮಲಯಾಳದಲ್ಲಿ ಹರಿದುಬರುತ್ತದೆ, ಬೆಂಗಳೂರಿನ ವಾಹಿನಿಗಳ ಪಾಲಿಗೆ ಮಂಜೇಶ್ವರವೆಂದರೆ ಪರದೆಯ ತಳದಲ್ಲಿ ಸರಿದುಹೋಗುವ ಒಂದು ಸಾಲು.

2016ರ ಮೇ 19ರ ಎಣಿಕೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಉಪಯುಕ್ತ. ಕೇರಳ ವಿಧಾನಸಭೆಯಲ್ಲಿ ಅಲ್ಲಿಯ ತನಕ ಭಾರತೀಯ ಜನತಾ ಪಕ್ಷಕ್ಕೆ ಒಂದು ಸ್ಥಾನವೂ ಸಿಕ್ಕಿರಲಿಲ್ಲ. ಮಂಜೇಶ್ವರದಲ್ಲಿ ಆ ಪಕ್ಷ ಹಲವು ಚುನಾವಣೆಗಳಿಂದ ಎರಡನೆಯ ಸ್ಥಾನದಲ್ಲಿ ನಿಂತಿದ್ದುದರಿಂದ, ಖಾತೆ ತೆರೆಯುವುದಾದರೆ ಅದು ಕರ್ನಾಟಕಕ್ಕೆ ತಾಗಿದ ಈ ತುದಿಯಲ್ಲಿಯೇ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿತ್ತು. ಆ ದಿನ ಖಾತೆ ತೆರೆದುದೇನೋ ನಿಜ, ಆದರೆ ರಾಜ್ಯದ ಇನ್ನೊಂದು ತುದಿಯಲ್ಲಿ, ತಿರುವನಂತಪುರದ ನೇಮಂ ಕ್ಷೇತ್ರದಲ್ಲಿ ಒ. ರಾಜಗೋಪಾಲ್ ಅವರ ಗೆಲುವಿನಿಂದ. ಮಂಜೇಶ್ವರದಲ್ಲಿ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಅವರಿಗೆ 56,870 ಮತಗಳೂ ಭಾಜಪದ ಕೆ. ಸುರೇಂದ್ರನ್ ಅವರಿಗೆ 56,781 ಮತಗಳೂ ಬಂದು, 89 ಮತಗಳ ಅಂತರದಲ್ಲಿ ಹಾಲಿ ಶಾಸಕರೇ ಮರಳಿ ಗೆದ್ದರು. ಗೆದ್ದವರು ಹಾಲಿ ಶಾಸಕರಾಗಿದ್ದರೂ ಫಲಿತಾಂಶ ಅನಿರೀಕ್ಷಿತವೆನಿಸಿತು ಎಂಬುದರಲ್ಲಿಯೇ ನಿರೀಕ್ಷೆ ಎಷ್ಟು ಬಲವಾಗಿತ್ತೆಂಬುದು ತಿಳಿಯುತ್ತದೆ.

ಇಂಥ ಫಲಿತಾಂಶಕ್ಕೆ ಮಲಯಾಳ ಪತ್ರಿಕೋದ್ಯಮದಲ್ಲಿ ಸಿದ್ಧವಾಗಿರುವ ಪದ ‘ಅಟ್ಟಿಮರಿ’. ಗೆಲ್ಲಬೇಕಾದವರು ಸೋತು, ಸೋಲಬೇಕಾದವರು ಗೆದ್ದರೆ ಅದು ‘ಅಟ್ಟಿಮರಿ ಜಯಂ’. ಅಟ್ಟಿ ಎಂದರೆ ಒಂದರ ಮೇಲೊಂದಾಗಿ ಪೇರಿಸಿಟ್ಟ ರಾಶಿ, ಕನ್ನಡದಲ್ಲಿಯೂ ಮೂಟೆಗಳನ್ನು ಅಟ್ಟಿ ಹಾಕುವುದುಂಟು. ಮರಿಯುವುದು ಎಂದರೆ ಮಗುಚುವುದು. ಪೇರಿಸಿದ್ದು ಮಗುಚಿಬಿತ್ತು ಎಂಬ ಚಿತ್ರ ಗಡಿನಾಡ ಕನ್ನಡಿಗನಿಗೆ ಅನುವಾದದ ಹಂಗಿಲ್ಲದೆ ಕಣ್ಣಿಗೆ ಕಟ್ಟುತ್ತದೆ. ಆದರೆ ಅದೇ ಪದಕ್ಕೆ ಮಲಯಾಳದಲ್ಲಿ ಇನ್ನೊಂದು ಅರ್ಥವಿದೆ, ಬುಡಮೇಲು ಕೃತ್ಯಕ್ಕೂ ಒಳಸಂಚಿನಿಂದ ಕೆಲಸ ಕೆಡಿಸುವುದಕ್ಕೂ ಅಟ್ಟಿಮರಿ ಎಂದೇ ಹೆಸರು. ರಾಶಿ ತಾನಾಗಿ ಬಿದ್ದದ್ದೋ ಯಾರೋ ಕೈಹಾಕಿ ಬೀಳಿಸಿದ್ದೋ ಎಂಬ ಗುಮಾನಿ ಪದದ ಒಳಗೇ ಕುಳಿತಿರುವುದರಿಂದ, ಮಲಯಾಳದಲ್ಲಿ ಸುದ್ದಿ ಕೇಳಿದವನು ಸಹಜವಾಗಿ ಮುಂದಿನ ಪ್ರಶ್ನೆಯಾಗಿ ‘ಯಾರು ಬೀಳಿಸಿದರು’ ಎಂದು ಕೇಳುತ್ತಾನೆ. ಕನ್ನಡದ ‘ಅನಿರೀಕ್ಷಿತ ಫಲಿತಾಂಶ’ ಎಂಬ ಮಾತಿಗೆ ಕರ್ತೃವೇ ಇಲ್ಲ, ಅದು ಮಳೆ ತಪ್ಪಿದಂತೆ, ಅಡಿಕೆಗೆ ಕೊಳೆರೋಗ ಬಂದಂತೆ ಮೇಲಿನಿಂದ ಬಂದೆರಗಿದ ಸಂಗತಿ. ಕನ್ನಡದಲ್ಲಿ ಸೋಲನ್ನು ಹೇಳುವಾಗ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ನಿಟ್ಟುಸಿರೇ ಮೊದಲು ಬರುತ್ತದೆ. ಆ ತುತ್ತನ್ನು ತಟ್ಟಿದ ಕೈ ಯಾರದೆಂದು ಗಾದೆ ಹೇಳುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬನೇ ಮನುಷ್ಯ ಮಲಯಾಳ ವಾಹಿನಿಯ ಮುಂದೆ ಸಿಟ್ಟಿಗೇಳುವುದೂ, ಅರ್ಧ ಗಂಟೆಯ ಬಳಿಕ ಮಂಗಳೂರಿನ ಭಾವನೊಡನೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ‘ಏನು ಮಾಡುವುದು, ಆಗಿಹೋಯಿತು’ ಎಂದು ತಣ್ಣಗಾಗುವುದೂ ಇದರಿಂದಲೇ ಎಂದರೆ ಅತಿಶಯೋಕ್ತಿಯೆನಿಸಬಹುದು, ಆದರೆ ಪೂರ್ತಿ ಸುಳ್ಳೆನ್ನುವಂತಿಲ್ಲ.

ಲೆಕ್ಕದ ಪದಗಳಲ್ಲಿ ತೊಡಕು ಇನ್ನೂ ಸ್ವಾರಸ್ಯಕರ. ಒಟ್ಟು ಸ್ಥಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಡೆದರೆ ಅದನ್ನು ಬಹುಮತವೆಂದೂ ಇಬ್ಬರು ಅಭ್ಯರ್ಥಿಗಳ ನಡುವಿನ ವ್ಯತ್ಯಾಸವನ್ನು ಅಂತರವೆಂದೂ ಕನ್ನಡವು ಬೇರೆ ಬೇರೆಯಾಗಿ ಗುರುತಿಸುತ್ತದೆ. ಮಲಯಾಳದಲ್ಲಿ ಎರಡಕ್ಕೂ ‘ಭೂರಿಪಕ್ಷಂ’ ಎಂಬ ಒಂದೇ ಮಾತು. ಭೂರಿ ಭೋಜನ, ಭೂರಿ ದಕ್ಷಿಣೆಗಳಲ್ಲಿ ಆ ಪದವನ್ನು ಬಲ್ಲ ಕನ್ನಡದ ಕಿವಿಗೆ, ಒಂದು ಲಕ್ಷ ಹದಿಮೂರು ಸಾವಿರಕ್ಕೂ ಮೀರಿದ ಮತಗಳನ್ನು ಇಬ್ಬರು ಹಂಚಿಕೊಂಡ ಕಡೆ 89 ಮತಗಳ ‘ಭೂರಿ’ ಪಕ್ಷ ಎಂಬುದು ಹಾಸ್ಯವಾಗಿಯೇ ಕೇಳಿಸುತ್ತದೆ. ಅಂದಿನ ರಾತ್ರಿ ಸೋತವರ ಕಡೆಯವರಿಗೂ ನಗು ತರಬಲ್ಲ ಮಾತು ಇದೊಂದೇ ಇದ್ದಿರಬೇಕು. ಠೇವಣಿಯ ವಿಷಯವೂ ಹೀಗೆಯೇ. ಚಲಾವಣೆಯಾದ ಮತಗಳಲ್ಲಿ ಆರನೆಯ ಒಂದು ಭಾಗ ದೊರೆಯದ ಅಭ್ಯರ್ಥಿ ನಾಮಪತ್ರದೊಂದಿಗೆ ಕಟ್ಟಿದ ಹಣವನ್ನು ಕಳೆದುಕೊಳ್ಳುತ್ತಾನಷ್ಟೆ, ಅದನ್ನು ಮಲಯಾಳಿಗಳು ‘ಕೆಟ್ಟಿವೆಚ್ಚ ಕಾಶು ಪೋಯಿ’ ಎನ್ನುತ್ತಾರೆ, ಅಂದರೆ ಕಟ್ಟಿಟ್ಟ ಕಾಸು ಹೋಯಿತು ಎಂದು. ಕನ್ನಡ ಮಾತ್ರ ಬಲ್ಲವನಿಗೆ ಅದರಲ್ಲಿ ‘ಕೆಟ್ಟ’ ಮತ್ತು ‘ವೆಚ್ಚ’ ಎಂಬೆರಡು ಪದಗಳು ಕೇಳಿಸಿ, ಕೆಟ್ಟು ವೆಚ್ಚವಾದ ಕಾಸು ಎಂಬ ಅರ್ಥವಾಗುತ್ತದೆ. ಶಬ್ದಾರ್ಥ ತಪ್ಪಿದರೂ ಭಾವಾರ್ಥ ತಪ್ಪುವುದಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಕನ್ನಡದ ಪದ ಮಲಯಾಳಿಯ ಕಿವಿಯಲ್ಲಿ ಬೇರೆಯಾಗುವ ಪ್ರಸಂಗಗಳೂ ಇವೆ. ಕನ್ನಡಿಗರು ‘ಮಂಜೇಶ್ವರ ಕ್ಷೇತ್ರ’ ಎಂದರೆ ಕಣ್ಣೂರಿನಿಂದ ಬಂದ ಎಣಿಕೆ ಮೇಜಿನ ಅಧಿಕಾರಿಗೆ ದೇವಸ್ಥಾನ ನೆನಪಾಗುತ್ತದೆ, ಏಕೆಂದರೆ ಮಲಯಾಳದಲ್ಲಿ ಕ್ಷೇತ್ರವೆಂದರೆ ಗುಡಿ, ಚುನಾವಣೆಯದು ‘ಮಂಡಲಂ’. ಕನ್ನಡದ ಅಭ್ಯರ್ಥಿ ಅಲ್ಲಿ ‘ಸ್ಥಾನಾರ್ಥಿ’. ಅಲ್ಲಿಯ ‘ಅಭ್ಯರ್ಥನ’ ಎಂದರೆ ಮತಯಾಚನೆಯ ಕರಪತ್ರದ ತಲೆಯಲ್ಲಿ ಅಚ್ಚಾಗುವ ವಿನಂತಿ. ಒಬ್ಬರು ಸ್ಥಾನವನ್ನು ಬೇಡುವವನೆಂದು ನೇರವಾಗಿ ಹೆಸರಿಸಿದರು, ಇನ್ನೊಬ್ಬರು ಸುಮ್ಮನೆ ಬೇಡುವವನೆಂದರು. ಮಲಯಾಳದ ಹೆಸರೇ ಹೆಚ್ಚು ಪ್ರಾಮಾಣಿಕ.

2016ರ ಫಲಿತಾಂಶದಲ್ಲಿ ಹೆಚ್ಚು ಚರ್ಚೆಗೆ ಬಂದ ಪದ ‘ಅಪರನ್’. ಪ್ರಮುಖ ಅಭ್ಯರ್ಥಿಯ ಹೆಸರನ್ನೇ ಅಥವಾ ಅದನ್ನು ಹೋಲುವ ಹೆಸರನ್ನು ಹೊತ್ತು ಕಣಕ್ಕಿಳಿಯುವವನಿಗೆ ಕೇರಳದ ರಾಜಕೀಯದಲ್ಲಿ ಈ ಹೆಸರಿದೆ. 2016ರಲ್ಲಿ ಕೆ. ಸುರೇಂದ್ರನ್ ಸ್ಪರ್ಧಿಸಿದ್ದಾಗ ಕೆ. ಸುಂದರ ಎಂಬ ಹೆಸರಿನವರೂ ಕಣದಲ್ಲಿದ್ದು 467 ಮತಗಳನ್ನು ಪಡೆದಿದ್ದರು. 467 ಎಂಬ ಸಂಖ್ಯೆಯನ್ನು 89ರ ಪಕ್ಕದಲ್ಲಿಟ್ಟು ನೋಡಿದವರೆಲ್ಲ ತಮ್ಮ ತಮ್ಮ ತೀರ್ಮಾನಕ್ಕೆ ಬಂದರು. ಆದರೆ ಸ್ಪರ್ಧಿಸುವ ಹಕ್ಕು ಎಲ್ಲರಿಗೂ ಉಂಟು, ಮತ್ತು ಆ 467 ಮಂದಿಯಲ್ಲಿ ಯಾರು ತಿಳಿದು ಒತ್ತಿದರು, ಯಾರು ಮರೆತು ಒತ್ತಿದರು ಎಂದು ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ. ಕನ್ನಡದ ಮನೆಗಳಲ್ಲಿ ಅಪರ ಎಂಬ ಪದ ಹೆಚ್ಚಾಗಿ ಕೇಳಿಬರುವುದು ಅಪರಕ್ರಿಯೆ ಎಂಬಲ್ಲಿ, ಅಂದರೆ ಸತ್ತವರಿಗೆ ಮಾಡುವ ಕರ್ಮದ ವಿಷಯದಲ್ಲಿ. ಕಾಕತಾಳೀಯವೆಂಬಂತೆ ಮುಂದಿನ ಜಗಳ ಸತ್ತವರ ಸುತ್ತಲೇ ನಡೆಯಿತು. ಮೃತಪಟ್ಟವರ ಮತ್ತು ವಿದೇಶದಲ್ಲಿದ್ದವರ ಹೆಸರಿನಲ್ಲಿ ‘ಕಳ್ಳವೋಟು’, ಅಂದರೆ ಒಬ್ಬರ ಮತವನ್ನು ಇನ್ನೊಬ್ಬರು ಹಾಕುವ ವಂಚನೆ, ನಡೆದಿದೆಯೆಂದು ಪರಾಜಿತ ಅಭ್ಯರ್ಥಿ ಕೇರಳ ಹೈಕೋರ್ಟಿನ ಮೊರೆಹೊಕ್ಕಾಗ, ಸತ್ತವರೆಂದು ಪಟ್ಟಿಯಲ್ಲಿದ್ದವರಲ್ಲಿ ಸಮನ್ಸ್ ಸ್ವೀಕರಿಸಲು ಖುದ್ದಾಗಿ ಬಾಗಿಲಿಗೆ ಬಂದವರೂ ಇದ್ದರು. ತಕರಾರು ಇತ್ಯರ್ಥವಾಗುವ ಮುನ್ನವೇ, 2018ರ ಅಕ್ಟೋಬರ್ 20ರಂದು, ಅಬ್ದುಲ್ ರಜಾಕ್ ತೀರಿಕೊಂಡರು; ಅರ್ಜಿಯನ್ನು 2019ರಲ್ಲಿ ಹಿಂದೆಗೆದುಕೊಂಡ ಮೇಲಷ್ಟೇ ಉಪಚುನಾವಣೆಗೆ ದಾರಿಯಾಯಿತು. 89 ಮತಗಳ ಆ ಫಲಿತಾಂಶ ಕ್ಷೇತ್ರವನ್ನು ಒಂದು ವರ್ಷ ಶಾಸಕರಿಲ್ಲದೆ ಇರಿಸಿತು ಎಂಬುದನ್ನು ಎರಡೂ ಭಾಷೆಗಳ ವಿಶ್ಲೇಷಕರು ಸಾಮಾನ್ಯವಾಗಿ ಮರೆಯುತ್ತಾರೆ.

ನಿರೀಕ್ಷೆ ಮಗುಚುವುದು ಈ ಸೀಮೆಗೆ ಹೊಸದೇನೂ ಅಲ್ಲ. 1957ರಲ್ಲಿ ಇಲ್ಲಿಯ ಮೊದಲ ಶಾಸಕ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದುದರಿಂದ ಎಣಿಕೆಯ ರಾತ್ರಿಯೇ ಇರಲಿಲ್ಲ. ಆ ಬಳಿಕ ಮೈಸೂರು ರಾಜ್ಯದೊಡನೆ ವಿಲೀನದ ಪರವಾಗಿದ್ದ ಕೆ. ಮಹಾಬಲ ಭಂಡಾರಿ 1960 ಮತ್ತು 1967ರಲ್ಲಿ ಪಕ್ಷೇತರರಾಗಿಯೇ ಗೆದ್ದರು. ಎ. ಕೆ. ಗೋಪಾಲನ್ ಮೂರು ಬಾರಿ ಗೆದ್ದಿದ್ದ ಕಾಸರಗೋಡು ಲೋಕಸಭಾ ಸ್ಥಾನದಲ್ಲಿ 1971ರಲ್ಲಿ ಇ. ಕೆ. ನಾಯನಾರರಂಥ ನಾಯಕನನ್ನು ತರುಣ ರಾಮಚಂದ್ರನ್ ಕಡನ್ನಪ್ಪಳ್ಳಿ ಸೋಲಿಸಿದುದು ಮಲಯಾಳದ ಅಟ್ಟಿಮರಿ ಕಥನಗಳಲ್ಲಿ ಇಂದಿಗೂ ಮೊದಲ ಸಾಲಿನದು. 2006ರಲ್ಲಿ ಮಂಜೇಶ್ವರದಲ್ಲಿ ಆದುದು ಅದಕ್ಕಿಂತಲೂ ವಿಚಿತ್ರ. 1987ರಿಂದ ಸತತವಾಗಿ ಗೆಲ್ಲುತ್ತಿದ್ದ, ಮಂತ್ರಿಯೂ ಆಗಿದ್ದ ಲೀಗಿನ ಚೆರ್ಕಳಂ ಅಬ್ದುಲ್ಲ ಅವರಿಗೆ ಭಾಜಪವೇ ಎದುರಾಳಿಯೆಂದು ಎಲ್ಲರೂ ಲೆಕ್ಕ ಹಾಕುತ್ತಿದ್ದಾಗ, ಲೆಕ್ಕದಲ್ಲಿಯೇ ಇರದಿದ್ದ ಮಾರ್ಕ್ಸ್‌ವಾದಿ ಪಕ್ಷದ ಸಿ. ಎಚ್. ಕುಂಞಂಬು 4,829 ಮತಗಳಿಂದ ಗೆದ್ದರು, ಅಬ್ದುಲ್ಲ ಮೂರನೆಯ ಸ್ಥಾನಕ್ಕಿಳಿದರು.

ಎಣಿಕೆಯ ರಾತ್ರಿ ಊರು ಹೇಗೆ ವರ್ತಿಸುತ್ತದೆ ಎಂಬುದು ಭಾಷಾಶಾಸ್ತ್ರಕ್ಕೂ ಆಸಕ್ತಿಯ ವಿಷಯವಾಗಬೇಕು. ಹೊಸಂಗಡಿಯಿಂದ ಉಪ್ಪಳದವರೆಗೆ ಮೆರವಣಿಗೆಯ ಘೋಷಣೆ ಮಲಯಾಳದಲ್ಲಿರುತ್ತದೆ, ಏಕೆಂದರೆ ಪಕ್ಷಗಳು ಘೋಷಣೆಗಳನ್ನು ಆ ಭಾಷೆಯಲ್ಲಿಯೇ ಕಟ್ಟಿವೆ. ಘೋಷಣೆ ಕೂಗಿ ದಣಿದವನು ಪಕ್ಕದವನಲ್ಲಿ ನೀರು ಕೇಳುವುದು ತುಳುವಿನಲ್ಲಿ ಅಥವಾ ಬ್ಯಾರಿಯಲ್ಲಿ. ಸುದ್ದಿ ಕೇಳುವ ಮಾತು ಎದುರಿನವನನ್ನು ನೋಡಿಕೊಂಡು ಬದಲಾಗುತ್ತದೆ, ಒಬ್ಬನಿಗೆ ‘ಏರ್ ಗೆಂದಿನಿ?’, ಮತ್ತೊಬ್ಬನಿಗೆ ‘ಆರಾ ಜಯಿಚ್ಚದ್?’, ಮಾಸ್ಟರರು ಎದುರಾದರೆ ‘ಯಾರು ಗೆದ್ದದ್ದು ಮಾಸ್ಟ್ರೇ?’. ಗೆದ್ದವನ ಸಂತೋಷ ಮತ್ತು ಸೋತವನ ಬೇಸರ ಪಕ್ಕಪಕ್ಕದ ಅಂಗಡಿಗಳಲ್ಲಿರುವುದರಿಂದ, ಮರುದಿನ ಬೆಳಗ್ಗೆ ಸಾಲದ ಪುಸ್ತಕವೂ ಚಿಲ್ಲರೆಯೂ ಕೈಬದಲಾಗಬೇಕಾದುದರಿಂದ, ಕೆಣಕುವ ಮಾತನ್ನು ಕೆಣಕಿಸಿಕೊಳ್ಳುವವನ ಮನೆಮಾತಿನಲ್ಲಿ ಆಡಬಾರದೆಂಬ ಬರೆಯದ ನಿಯಮವೊಂದು ಹಿರಿಯರಲ್ಲಿ ಉಳಿದಿದೆ. ಮೊಬೈಲಿನ ಕಾಲದಲ್ಲಿ ಅದು ಸಡಿಲವಾಗುತ್ತಿರುವುದು ದುಃಖದ ಸಂಗತಿ.

ಭಾಷೆಯೇ ಇಲ್ಲಿಯ ಮತವನ್ನು ನಿರ್ಧರಿಸುತ್ತದೆ ಎಂದು ಗಡಿಯಾಚೆಯ ಕನ್ನಡ ಪತ್ರಿಕೆಗಳು ಬರೆಯುವುದುಂಟು. 2019ರ ಅಕ್ಟೋಬರಿನ ಉಪಚುನಾವಣೆ ಆ ವಾದವನ್ನೂ ಮಗುಚಿ ಹಾಕಿತು. ಭಾಜಪದಿಂದ ರವೀಶ ತಂತ್ರಿ ಕುಂಟಾರು, ಮಾರ್ಕ್ಸ್‌ವಾದಿ ಪಕ್ಷದಿಂದ ಎಂ. ಶಂಕರ ರೈ, ಹೀಗೆ ಇಬ್ಬರು ಕನ್ನಡಿಗರು ಕಣದಲ್ಲಿದ್ದಾಗ, ಜಿಲ್ಲೆಯ ದಕ್ಷಿಣ ಭಾಗದವರಾದ ಲೀಗಿನ ಎಂ. ಸಿ. ಕಮರುದ್ದೀನ್ 7,923 ಮತಗಳಿಂದ ಗೆದ್ದರು. ಮತದಾರನು ಕನ್ನಡವನ್ನು ತಿರಸ್ಕರಿಸಿದನೆಂದು ಇದರಿಂದ ಹೇಳಲಾಗದು. ಮತ ಹಾಕುವಾಗ ಪಕ್ಷವನ್ನೂ ಸಮುದಾಯವನ್ನೂ ನೋಡುವವನು, ಮತ ಹಾಕಿದ ಮೇಲೆ ಗ್ರಾಮ ಕಚೇರಿಯಲ್ಲಿ ಅರ್ಜಿಯನ್ನು ಕನ್ನಡದಲ್ಲಿ ಕೇಳುತ್ತಾನೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಇತ್ತಿದೆ. ಆ ಅರ್ಜಿಗೆ ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದೇ ಅವನ ಪಾಲಿನ ನಿಜವಾದ ಎಣಿಕೆ, ಅದರ ಫಲಿತಾಂಶ ಐದು ವರ್ಷವೂ ಸುತ್ತು ಸುತ್ತಾಗಿ ಬರುತ್ತಿರುತ್ತದೆ.

2021ರ ಮೇ 2ರಂದು ಸುರೇಂದ್ರನ್ ಮತ್ತೊಮ್ಮೆ ಇಲ್ಲಿ ಸೋತರು, ಈ ಸಲ 745 ಮತಗಳಿಂದ. ಗೆದ್ದ ಲೀಗಿನ ಎ. ಕೆ. ಎಂ. ಅಶ್ರಫ್ ಅದೇ ತಿಂಗಳ 24ರಂದು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು.