ಡಬ್ಬಿಯ ಬಾಗಿಲುಗಳು

1294ರ ಶಾಸನವುಳ್ಳ ನಮ್ಮ ರಾಯಚೂರಿನ ಕೋಟೆಗೆ ಮೆಕ್ಕಾ ದರವಾಜಾ, ನವರಂಗ್ ದರವಾಜಾ ಮೊದಲಾದ ಬಾಗಿಲುಗಳಿವೆಯೆಂದು ಊರಿನ ಹುಡುಗರೆಲ್ಲ ಬಲ್ಲರು. ಆದರೆ ಮಾನ್ವಿಯಲ್ಲಿ ನನ್ನ ಅಕ್ಕನ ಮನೆಯ ಗೋಡೆಗೆ ತೂಗಿರುವ ರೌಟರೆಂಬ ಬಿಳಿಯ ಡಬ್ಬಿ ಕಾಯಬೇಕಾದ ಬಾಗಿಲುಗಳೆಷ್ಟು, ಬಲ್ಲಿರಾ? ಲೆಕ್ಕಕ್ಕೆ 65,535! ಬಲ್ಲವರು ಇವನ್ನು ಪೋರ್ಟುಗಳೆನ್ನುತ್ತಾರೆ. ಇತಿಹಾಸ ಓದುವ ನಾನು ಈ ಗೊಡವೆಗೆ ಬಿದ್ದುದು ಭಾವನವರ ಅಪ್ಪಣೆಯಿಂದ.

"ನೀ ಡಿಗ್ರಿ ಓದಾಂವ. ಈ ಡಬ್ಬ್ಯಾಗ ಸಿನಿಮಾ ಬಂದ್ ಮಾಡಿ ಪಾಠ ಅಷ್ಟ ಬಿಡು. ಆಗಲಿಲ್ಲಂದ್ರ ಲೈನೇ ತೆಗೆಸಿಬಿಡ್ತೀನಿ" ಎಂದರು. ಅಕ್ಕನ ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಳೆ, ಅವಳ ಭೌತಶಾಸ್ತ್ರದಲ್ಲಿ ಅರ್ಧ ಆ ತಂತಿಯಿಂದಲೇ ಬರುತ್ತದೆ. ದೇವದುರ್ಗದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು, ಎರಡನೆಯವಳು ಅವಳಾಗಬೇಕು. ಲೈನು ಹೋಗಕೂಡದು.

ಪ್ರೋಟೊಕಾಲ್ ಎಂದರೆ ಯಂತ್ರಗಳು ತಮ್ಮತಮ್ಮಲ್ಲಿ ಮಾತನಾಡುವ ಕಟ್ಟಳೆ. ರಾಯಚೂರಿನ ಗಂಜ್‌ಗೆ ಹತ್ತಿ ತರುವ ಒಬ್ಬನು ಪ್ರತಿ ಚೀಲವನ್ನೂ ಎಣಿಸಿ, "ಮುಟ್ಟಿತೆ?" ಎಂದು ಕೇಳಿ, ಮುಟ್ಟದುದನ್ನು ಮತ್ತೆ ತರುತ್ತಾನೆಂದುಕೊಳ್ಳಿ; ಟಿಸಿಪಿ ಈ ಬಗೆಯವನು. ಇನ್ನೊಬ್ಬನು ಚೀಲ ಇಳಿಸಿ ಹಿಂದಿರುಗಿ ನೋಡದೆ ನಡೆಯುತ್ತಾನೆ. 1980ರಲ್ಲಿ ಕಟ್ಟಳೆಯಾದ ಯುಡಿಪಿ ಅಂಥವನು. ಅವನನ್ನು ಹಳಿಯಬೇಡಿ. ವೀಡಿಯೊ ಕರೆಯಲ್ಲಿ ವೇಗವೇ ಮುಖ್ಯ. ನಮ್ಮ ನಗು ದೇವದುರ್ಗದ ಅವ್ವನಿಗೆ ಮಾತು ಮುಗಿದ ಮೇಲೆ ಮುಟ್ಟಿದರೆ ಏನು ಫಲ?

ಪರೀಕ್ಷೆಗೆಂದು ಯುಡಿಪಿಯ 443ನೆಯ ಬಾಗಿಲನ್ನು ಮುಚ್ಚಿದೆ. ಯೂಟ್ಯೂಬು ಅಲ್ಲಿಂದ ಕ್ವಿಕ್ ಎಂಬ, 2021ರಲ್ಲಿ ಕಟ್ಟಳೆಯಾದ ಗಾಡಿಯಲ್ಲಿ ಓಡಾಡುತ್ತದೆ. ಭಾವ ಫೋನು ಒತ್ತಿದರು. ಸಿನಿಮಾ ಹಾಡು ಮೊದಲಿನಂತೆಯೇ ಮೊಳಗಿತು! ಗಾಡಿ ಬಿಟ್ಟು ಅದು ಟಿಸಿಪಿಯ 443ನೆಯ ಬಾಗಿಲಿಗೆ ಹೊರಳಿತ್ತು. ಅದನ್ನೂ ಮುಚ್ಚಿದರೆ ಪಾಠ, ಬ್ಯಾಂಕು, ಪರೀಕ್ಷೆಯ ಫಲಿತಾಂಶ ಎಲ್ಲವೂ ಹೊರಗೆ. ಕಾವಲುಗಾರನಿಗೆ ಕಾಣುವುದು ವಿಳಾಸ ಮತ್ತು ಬಾಗಿಲಿನ ಸಂಖ್ಯೆ. ಚೀಲದ ಬಾಯಿಗೆ ಮುದ್ರೆ ಬಿದ್ದಿರುತ್ತದೆ. ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನ 53ನೆಯ ಬಾಗಿಲಲ್ಲಿ ಯೂಟ್ಯೂಬಿನ ಹೆಸರನ್ನೇ ತಡೆಯಬಹುದು ನಿಜ. ಆದರೆ ಭೌತಶಾಸ್ತ್ರದ ಮೇಷ್ಟ್ರೂ ಸಿನಿಮಾ ನಾಯಕನೂ ಒಂದೇ ಹೆಸರಿನ ಮನೆಯಲ್ಲಿ ಒಕ್ಕಲಾಗಿದ್ದಾರಲ್ಲ!

ಹೊರಗಿನಿಂದ ನುಗ್ಗುವವರ ಮಾತು ಬೇರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರವು ಟೆಲ್‌ನೆಟ್ಟಿನ 23ನೆಯ ಬಾಗಿಲಿನಿಂದ, ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಕ್ಯಾಮರಾ, ರೌಟರುಗಳನ್ನು ಹೊಕ್ಕು ಲಕ್ಷಗಟ್ಟಲೆ ಯಂತ್ರಗಳನ್ನು ಆಳುಗಳನ್ನಾಗಿ ಮಾಡಿಕೊಂಡಿತು. ಆ ಬಾಗಿಲನ್ನು ಸಂಕೋಚವಿಲ್ಲದೆ ಮುಚ್ಚಿ, ಗುಪ್ತಪದವನ್ನು ಬದಲಿಸಿದೆ.

ಹುಡುಗಿ ಅಷ್ಟು ಹೊತ್ತು ಬಾಗಿಲಿಗೊರಗಿ ನಿಂತಿದ್ದಳು. "ಮಾಮಾ, ಓದಾಕಿ ನಾನು. ಏನು ಬೇಕಂತ ನನ್ನ ಯಾರೂ ಕೇಳವಲ್ರಲ್ಲ?" ಎಂದಳು. ಭಾವ ಸುಮ್ಮನಿದ್ದರು. "ಕೇಳ್ರಿ ಮತ್ತ" ಎಂದಳು ಅಕ್ಕ. ಹುಡುಗಿ ಹೇಳಿದ್ದು ಇಷ್ಟೆ: ರಾತ್ರಿ ಹತ್ತಕ್ಕೆ ಡಬ್ಬಿ ಆರಿಸಬೇಕು, ಎಲ್ಲರ ಫೋನಿಗೂ ಅದೇ ಲೆಕ್ಕ. ಕ್ರಿಕೆಟ್ಟಿನ ಭಕ್ತರಾದ ಭಾವನವರ ಮುಖ ತುಸು ಸಣ್ಣದಾಯಿತು, ಆದರೂ ಒಪ್ಪಿದರು.

ಲೈನು ಉಳಿದಿದೆ. 443 ತೆರೆದಿದೆ, 23 ಮುಚ್ಚಿದೆ. ಹೊಸ ಗುಪ್ತಪದವನ್ನು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟಿದ್ದಾಳೆ.