ಅದೇ ಅಚ್ಚು, ಬೇರೆ ಬಣ್ಣ

ಒಂದೇ ಅಚ್ಚಿನಿಂದ ಬಂದ ಎರಡು ಪ್ಲಾಸ್ಟಿಕ್ ಗೊಂಬೆಗಳು. ಕೈ, ಕಾಲು, ಕೀಲು, ತಿರುಪು ಎಲ್ಲವೂ ಒಂದೇ. ಬೇರೆ ಇರುವುದು ಬಣ್ಣ ಮಾತ್ರ. ಒಂದನ್ನು 3,000 ರೂಪಾಯಿಗೆ ಕೊಳ್ಳಬಹುದು, ಇನ್ನೊಂದಕ್ಕೆ 30,000 ಕೇಳುತ್ತಾರೆ. ಇದು ನ್ಯಾಯವೇ? ರೋಬೋಟ್ ಗೊಂಬೆಗಳನ್ನು ಸಂಗ್ರಹಿಸುವ ನನ್ನ ಗೆಳೆಯನೂ ಅವನ ಬಳಗವೂ ವರ್ಷಗಳಿಂದ ಜಗಳಾಡುತ್ತಿರುವುದು ಈ ಪ್ರಶ್ನೆಯ ಮೇಲೆ. ಬೆಂಗಳೂರಿಗೆ ಹೋದಾಗಲೆಲ್ಲ ಅವನ ಕೋಣೆಯಲ್ಲಿ ಕೂತು ಈ ವಾದ ಕೇಳಿದ್ದೇನೆ. ಮೊದಮೊದಲು ಇದು ಉಳ್ಳವರ ಹುಚ್ಚು ಅನಿಸುತ್ತಿತ್ತು. ನಮ್ಮೂರಿನ ದೈವದವರು ಗುಡಿಯ ಕಟ್ಟೆಯ ಮೇಲೆ ಕೂತು ಹೆಚ್ಚುಕಡಿಮೆ ಇದೇ ಪ್ರಶ್ನೆಗೆ ಮೂರು ಸಂಜೆ ಕಳೆದದ್ದನ್ನು ನೋಡಿದ ಮೇಲೆ ಹಾಗೆ ಅನಿಸುತ್ತಿಲ್ಲ.

ಗೊಂಬೆಗಳ ಕತೆ ಮೊದಲು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳನ್ನು ಮಾರುಕಟ್ಟೆಗೆ ತಂದಿತು. ಅಚ್ಚುಗಳು ಹೆಚ್ಚಿನವು ಜಪಾನಿನ ಟಕಾರಾ ಕಂಪನಿಯವು. ಡಯಾಕ್ಲೋನ್ ಮೊದಲಾದ ಬೇರೆ ಹೆಸರಿನ ಆಟಿಕೆಗಳಿಗಾಗಿ ಆಗಲೇ ಮಾಡಿಟ್ಟಿದ್ದವು. ಹೊಸ ಅಚ್ಚು ಮಾಡಿಸುವುದು ದುಬಾರಿ, ಬಣ್ಣ ಬದಲಿಸುವುದು ಅಗ್ಗ. ಹಾಗಾಗಿ ಮೊದಲ ವರ್ಷವೇ ಒಂದು ವಿಮಾನದ ಅಚ್ಚಿನಿಂದ ಮೂವರು ಹುಟ್ಟಿದರು: ಬೂದು ಬಣ್ಣದವನು ಸ್ಟಾರ್‌ಸ್ಕ್ರೀಮ್, ನೀಲಿಯವನು ಥಂಡರ್‌ಕ್ರ್ಯಾಕರ್, ಕಪ್ಪು ನೇರಳೆಯವನು ಸ್ಕೈವಾರ್ಪ್. ಆಮೇಲೆ ಇದೇ ಒಂದು ಪದ್ಧತಿಯಾಯಿತು. 1994ರಲ್ಲಿ ಅಮೆರಿಕದಲ್ಲಿ ಬಾಟ್‌ಕಾನ್ ಎಂಬ ಅಭಿಮಾನಿಗಳ ಸಮಾವೇಶ ಶುರುವಾಯಿತು. ಅಲ್ಲಿಗೆಂದೇ ಹಳೆಯ ಅಚ್ಚಿಗೆ ಹೊಸ ಬಣ್ಣ ಕೊಟ್ಟು, ಎಣಿಸಿದಷ್ಟೇ ಗೊಂಬೆ ಮಾಡಿಸುತ್ತಿದ್ದರು. ಜಪಾನಿನಲ್ಲಿ ಅದೃಷ್ಟ ಚೀಟಿ ಎತ್ತಿ ಬೆರಳೆಣಿಕೆಯ ಜನರಿಗೆ ಬಹುಮಾನವಾಗಿ ಕೊಟ್ಟ ಬಣ್ಣಗಳೂ ಇವೆ. ಅವುಗಳ ಬೆಲೆ ಕೇಳಿದರೆ ನಮ್ಮ ಕಡೆ ಒಂದು ಜೋಡಿ ಎತ್ತು ನೆನಪಾಗುತ್ತದೆ.

ಭಾರತಕ್ಕೂ ಇದರಲ್ಲಿ ಪಾಲಿದೆ. 1987ರಲ್ಲಿ ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ ಶುರು ಮಾಡಿದ ಫನ್‌ಸ್ಕೂಲ್, ಗೋವಾದ ಕಾರ್ಖಾನೆಯಲ್ಲಿ ಅಮೆರಿಕದ ಅಚ್ಚುಗಳಿಂದ ಜಿ.ಐ. ಜೋ ಸೈನಿಕರನ್ನು ಮಾಡಿ ಮಾರಿತು. ಮೂಲದಲ್ಲಿ ಇಲ್ಲದ ಬಣ್ಣಗಳು ಇಲ್ಲಿ ಬಂದವು. ಆಗ ಯಾರೂ ಅದನ್ನು ವಿಶೇಷ ಎಂದುಕೊಂಡಿರಲಿಲ್ಲ. ಇವತ್ತು ಹೊರದೇಶದ ಸಂಗ್ರಾಹಕರು ಆ ‘ತಪ್ಪು’ ಬಣ್ಣಗಳನ್ನೇ ಹುಡುಕಿಕೊಂಡು ಬರುತ್ತಾರೆ.

ಗೆಳೆಯನ ಬಳಗದಲ್ಲಿ ಎರಡು ಪಂಗಡ. ಒಂದರ ಮಾತು: ಪ್ಲಾಸ್ಟಿಕ್ ಅದೇ, ಅಚ್ಚು ಅದೇ, ಬಣ್ಣ ಬದಲಿಸಿದ ಮಾತ್ರಕ್ಕೆ ಹತ್ತು ಪಟ್ಟು ಕೊಡುವುದು ಮೋಸ ಹೋಗುವುದಕ್ಕೆ ಇನ್ನೊಂದು ಹೆಸರು. ಇನ್ನೊಂದರ ಮಾತು: ಬಣ್ಣ ಬದಲಾದರೆ ಗೊಂಬೆಯೇ ಬೇರೆ. ಸ್ಟಾರ್‌ಸ್ಕ್ರೀಮ್ ಒಡೆಯನ ಪಟ್ಟಕ್ಕೆ ಹೊಂಚು ಹಾಕುವವನು, ಸ್ಕೈವಾರ್ಪ್ ಅಂಥವನಲ್ಲ. ಬಣ್ಣದಿಂದ ಹೆಸರು, ಹೆಸರಿನಿಂದ ಕತೆ. ಕತೆಗೆ ದುಡ್ಡು ಕೊಡುತ್ತೇವೆಯೇ ಹೊರತು ಪ್ಲಾಸ್ಟಿಕ್ಕಿಗಲ್ಲ.

ಎರಡನೆಯವರ ಮಾತನ್ನು ನಾನು ನಗುತ್ತ ತಳ್ಳಿಹಾಕಲಾರೆ. ನಮ್ಮ ಸೀಮೆಯಲ್ಲೂ ಉತ್ತರಕ್ಕೆ ಧಾರವಾಡದ ಕಡೆಯಲ್ಲೂ ಗ್ರಾಮದೇವತೆಗಳ ಮೂರ್ತಿಗಳು ಮರದವು. ಅಕ್ಕತಂಗಿಯರಾಗಿ ಜೋಡಿಯಲ್ಲಿ ಕೂತಿರುವ ದೇವಿಯರನ್ನು ನೋಡಿದ್ದೇನೆ: ಅದೇ ಅಳತೆ, ಅದೇ ಭಂಗಿ, ಒಬ್ಬಳ ಮುಖಕ್ಕೆ ಕೆಂಪು, ಇನ್ನೊಬ್ಬಳದಕ್ಕೆ ಹಸಿರು. ಕೆಂಪಿನವಳಿಗೆ ಹೊತ್ತ ಹರಕೆಯನ್ನು ಹಸಿರಿನವಳಿಗೆ ಯಾರೂ ಒಪ್ಪಿಸುವುದಿಲ್ಲ.

ಕೋಗಳಿಯ ಸುತ್ತಿನ ಸೀಮೆ ನಮ್ಮದು. ಹಿಂದೆ ಶಾಸನಗಳಲ್ಲಿ ಕೋಗಳಿ ಐನೂರು ಎಂದು ಕರೆಸಿಕೊಂಡ ನಾಡು. ಇಲ್ಲಿ ಊರಮ್ಮನ ಜಾತ್ರೆ ವರ್ಷ ವರ್ಷ ನಡೆಯುವುದಿಲ್ಲ. ಐದಕ್ಕೋ ಒಂಬತ್ತಕ್ಕೋ ಒಮ್ಮೆ, ಮಳೆ ಬೆಳೆ ನೋಡಿಕೊಂಡು. ಜಾತ್ರೆ ಗೊತ್ತಾದರೆ ಮೊದಲ ಕೆಲಸ ಅಮ್ಮನನ್ನು ಬಣ್ಣಕ್ಕೆ ಕೂಡಿಸುವುದು. ಆ ಕೆಲಸಕ್ಕೆ ಹೆಸರಾದವರು ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು. ಹಗುರ ಮರ ಕಡೆದು ಗೊಂಬೆ ಮಾಡುತ್ತಾರೆ. ಕೀಲುಗಳ ಸಂದಿಗೆ ಗೋಣಿನಾರು, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ತುಂಬುತ್ತಾರೆ. ಒಡವೆಗಳನ್ನು ಕಲ್ಲಿನಪುಡಿಯ ಸರಿಯಿಂದ ಉಬ್ಬಿಸಿ ಬರೆಯುತ್ತಾರೆ. ಅಲ್ಲಿಯ ಬಂಗಾರದಲ್ಲಿ ಬಂಗಾರವಿಲ್ಲ: ತವರವನ್ನು ನುಣ್ಣಗೆ ಮಾಡಿ ಅಂಟಿನಲ್ಲಿ ಬೆರೆಸಿ ಬಳಿದು, ಉಜ್ಜಿ ಬೆಳ್ಳಿಯ ಹೊಳಪು ಬರಿಸಿ, ಮೇಲೆ ಹಳದಿ ವಾರ್ನಿಶ್ ಹಚ್ಚಿದರೆ ಬಂಗಾರ. ಗೆಳೆಯನಿಗೆ ಇದನ್ನು ಹೇಳಿದಾಗ ಅವನೊಂದು ಮಾತು ಹೇಳಿದ. ಅವರ ಲೋಕದಲ್ಲಿ ಚಿನ್ನದ ಬಣ್ಣ ಬೆರೆಸಿ ಎರಕ ಹೊಯ್ದ ಕೆಲವು ಗೊಂಬೆಗಳು ಡಬ್ಬಿಯೊಳಗೆ ಇದ್ದಲ್ಲೇ ಪೆಡಸಾಗಿ ಬಿಸ್ಕತ್ತಿನಂತೆ ಪುಡಿಯಾಗುತ್ತವಂತೆ. ಅದಕ್ಕೆ ‘ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್’ ಎಂದೇ ಹೆಸರಿಟ್ಟಿದ್ದಾರೆ.

ಈ ಸಲ ನಮ್ಮೂರಲ್ಲಿ ಜಾತ್ರೆ ಗೊತ್ತಾದಾಗ ಬಣ್ಣದ ಚಿತ್ರಗಾರರು 80,000 ಕೇಳಿದರು. ದೈವ ಕೂಡಿತು.

“ಬಣ್ಣ ಬಳ್ಯಾಕ ಎಂಬತ್ತು ಸಾವಿರ ಅಂದ್ರ ಏನ್ ಮಾತಪ್ಪಾ? ಬೋರ್ಡ್ ಬರಿಯಾವ ಹತ್ತು ಸಾವಿರದಾಗ ಮಾಡಿ ಕೈತೊಳಕಂತಾನ. ಎನಾಮಲ್ ಪೇಂಟು, ಇಪ್ಪತ್ತು ವರ್ಷ ಹೋಗಂಗಿಲ್ಲ,” ಎಂದ ಒಬ್ಬ. ಹೋಗದ ಬಣ್ಣ ನಮಗ್ಯಾಕ, ಮುಂದಿನ ಜಾತ್ರಿಗೆ ಮತ್ತ ಬರೀಬೇಕಲ್ಲ ಎಂದು ಇನ್ನೊಬ್ಬರು. ಫೈಬರಿನ ಹೊಸ ಮೂರ್ತಿಯೇ ತಂದರೆ ಹೇಗೆ ಎಂಬ ಮಾತೂ ಬಂತು. ಕಂಬಕ್ಕೆ ಒರಗಿ ಕೂತಿದ್ದ ಮುದುಕಿಯರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ.

ಎರಡನೆಯ ಸಂಜೆಗೆ ಹೊಸ ಮಾತು ಹುಟ್ಟಿತು. ಹಳೆ ಸಾಮಾನು ಕೊಳ್ಳುವ ಒಬ್ಬರು ಯಾರ ಮೂಲಕವೋ ಹೇಳಿಕಳಿಸಿದ್ದರು: ಮೂರ್ತಿಯನ್ನು ಕೊಟ್ಟರೆ ಹೊಸದು ಕಡೆಸಿ, ಬಣ್ಣ ಹಾಕಿಸಿ, ಜಾತ್ರೆ ಮಾಡಿಯೂ ದುಡ್ಡು ಮಿಗುತ್ತದೆ. ಒಂದೇ ಕರಾರು: “ಬಣ್ಣ ಮಾತ್ರ ಮುಟ್ಟಬ್ಯಾಡ್ರಿ.”

ನನ್ನನ್ನು ತಡೆದು ನಿಲ್ಲಿಸಿದ್ದು ಆ ಕರಾರು. ಪೇಟೆಯ ಕಣ್ಣಿಗೆ ಅಮ್ಮನ ಬೆಲೆ ಇರುವುದು ಎದ್ದುಹೋದ ಹಳದಿಯಲ್ಲಿ, ಬಿರುಕು ಬಿಟ್ಟ ಕೆನ್ನೆಯಲ್ಲಿ. ಹೊಸ ಬಣ್ಣ ಬಿದ್ದ ಕ್ಷಣ ಅದು ಸೊನ್ನೆ. ಗೊಂಬೆ ಸಂಗ್ರಾಹಕರ ಲೋಕದಲ್ಲೂ ಇದೇ ನಿಯಮ: ಕಾರ್ಖಾನೆ ಬಣ್ಣ ಬದಲಿಸಿದರೆ ಬೆಲೆ ಏರುತ್ತದೆ, ಮನೆಯಲ್ಲಿ ಯಾರೋ ಕುಂಚ ಹಿಡಿದು ಮುಟ್ಟಿದರೆ ಇಳಿಯುತ್ತದೆ. ಡಬ್ಬಿ ಒಡೆಯದ ಗೊಂಬೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ಗಾಜಿನಂಥ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳೇ ಇವೆ. ಊರಿನ ಲೆಕ್ಕ ಪೂರ್ತಿ ತಿರುಗುಮುರುಗು. ಬಣ್ಣಕ್ಕೆ ಕೂಡಿಸುವ ಮೊದಲು ಪೂಜೆ ಮಾಡಿ ಅಮ್ಮನನ್ನು ಕಳಸಕ್ಕೆ ಇಳಿಸುತ್ತಾರೆ. ಆಮೇಲೆ ಗುಡಿಯಲ್ಲಿರುವುದು ಬರೀ ಕಟ್ಟಿಗೆ. ಕೊನೆಗೆ ಚಿತ್ರಗಾರ ಕಣ್ಣು ಬರೆದು, ಎದುರು ಕನ್ನಡಿ ಹಿಡಿದು, ಬೂದುಗುಂಬಳ ಒಡೆದ ಮೇಲೆ ಮತ್ತೆ ಅಮ್ಮ. ಪೇಟೆ ಕೊಳ್ಳಲು ಬಂದದ್ದು ಆ ಕಟ್ಟಿಗೆಯನ್ನು. ನೂರು ವರ್ಷ ದಾಟಿದ ಇಂಥ ವಸ್ತುಗಳ ಮೇಲೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂದು ನಾನು ಹೇಳಿದೆ. ದೈವದವರಿಗೆ ಅದು ಬೇಕಿರಲಿಲ್ಲ. “ಕೊಡಂಗಿದ್ರ ಅಲ್ಲೇನಪ್ಪಾ ಕಾಯ್ದೆ,” ಎಂದರು ಹಿರಿಯರೊಬ್ಬರು.

ಇಗೊರ್ ಕೊಪಿಟೋಫ್ ಎಂಬ ಮಾನವಶಾಸ್ತ್ರಜ್ಞ 1986ರ ಲೇಖನವೊಂದರಲ್ಲಿ ವಸ್ತುಗಳಿಗೂ ಜೀವನಚರಿತ್ರೆ ಇರುತ್ತದೆ, ಅವು ಮಾರಾಟದ ಸರಕಾಗುವುದು ಆ ಬದುಕಿನ ಒಂದು ಘಟ್ಟ ಮಾತ್ರ ಎಂದು ವಾದಿಸಿದ್ದ. ಪಿಎಚ್.ಡಿ.ಗಾಗಿ ಅದನ್ನು ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಕಟ್ಟೆಯ ಮೇಲೆ ಕೂತವರಿಗೆ ಅದು ಓದದೆಯೇ ಗೊತ್ತಿತ್ತು. ದೂರ ಹೋಗುವುದೇಕೆ, 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಸಾವಿರಾರು ಜನರ ಎದುರೇ ಉರುಳಿತು. ಹೊಸ ತೇರು ಕಟ್ಟಿದರು. ಈಗಿನದು ಮೂಲದ್ದಲ್ಲ, ಅದಕ್ಕೆ ಬೆಲೆ ಕಡಿಮೆ ಎಂದು ಹಗ್ಗ ಬಿಟ್ಟವರನ್ನು ನಾನು ಕಂಡಿಲ್ಲ.

ಮೂರನೆಯ ಸಂಜೆ ಚಿತ್ರಗಾರರೇ ಬಂದರು. ಅರವತ್ತು ದಾಟಿದವರು. ದರದ ಮಾತಿಗೆ ಮೊದಲು ಮೂರ್ತಿ ನೋಡುತ್ತೇನೆ ಎಂದರು. ಅಮ್ಮನ ಎಡಮೊಣಕೈ ಹತ್ತಿರ ಚಕ್ಕೆ ಎದ್ದಿತ್ತು. ಅಲ್ಲಿ ಬ್ಯಾಟರಿ ಬಿಟ್ಟು ತೋರಿಸಿದರು: ಮೇಲೆ ಹಳದಿ, ಅದರ ಕೆಳಗೆ ಗಾಢ ಹಳದಿ, ಅದರ ಕೆಳಗೆ ಕೆಂಪಿನ ಗೆರೆ. “ಇದು ನಂದು. ಇದು ನಮ್ಮಪ್ಪಂದು. ಕೆಂಪು ನಮ್ಮಜ್ಜಂದು ಇರಬೇಕು, ನಾ ನೋಡಿಲ್ಲ.” ಎಲ್ಲವನ್ನೂ ಕೆರೆದು ತೆಗೆಯುವುದಿಲ್ಲವೇ ಎಂದು ಕೇಳಿದೆ. ಸಡಿಲಾದದ್ದನ್ನು ತೆಗೀತೀವಿ, ಗಟ್ಟಿ ಇದ್ದದ್ದು ಇರ್ತೈತಿ ಎಂದರು.

ಇದನ್ನು ಕೇಳಿದ ಗೆಳೆಯ ತನ್ನ ಕಪಾಟಿನಿಂದ ಅತಿ ದುಬಾರಿ ಗೊಂಬೆಯನ್ನು ತೆಗೆದು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಯಾವ ವರ್ಷದ್ದು, ಎಷ್ಟು ಮಾಡಿದರು, ಯಾವ ಸಮಾವೇಶಕ್ಕೆ ಎಲ್ಲ ಅವನಿಗೆ ಬಾಯಿಪಾಠ. ಬಣ್ಣ ಹಾಕಿದ್ದು ಯಾರು ಎಂಬುದು ಆ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಹತ್ತು ಪಟ್ಟು ಬೆಲೆಯಲ್ಲಿ ಒಂದು ಪೈಸೆಯೂ ಬಣ್ಣ ಹಾಕಿದವರಿಗೆ ಹೋಗಿಲ್ಲ. ಬೆಲೆ ಏರಿದ್ದೇ ಅವರು ಕೆಲಸ ನಿಲ್ಲಿಸಿದ ಮೇಲೆ.

ನನಗೆ ಭಯವಿರುವುದು ಇಲ್ಲಿಯೇ. ಅಪರೂಪದ ಬೆಲೆ ಎಂದರೆ ಇನ್ನು ಮುಂದೆ ಮಾಡುವುದಿಲ್ಲ ಎಂಬ ಖಾತರಿಗೆ ಕೊಡುವ ಬೆಲೆ. ಕಿನ್ನಾಳದ ಕೆಲಸಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ, ಮೇಳಗಳಲ್ಲಿ ಮಳಿಗೆ ಸಿಗುತ್ತದೆ. ಆದರೆ ಮೇಳದಲ್ಲಿ ಕೊಂಡವನು ಅದೇ ಗೊಂಬೆಯನ್ನು ಒಂಬತ್ತು ವರ್ಷ ಬಿಟ್ಟು ಬಣ್ಣಕ್ಕೆ ತರುವುದಿಲ್ಲ. ಊರು ತರುತ್ತದೆ. ಊರುಗಳು ಒಂದೊಂದಾಗಿ ಎನಾಮಲ್ಲಿಗೆ, ಫೈಬರಿಗೆ ಹೋದರೆ ಆ ಕೈ ನಿಲ್ಲುತ್ತದೆ. ಆಗ ಉಳಿದ ಮೂರ್ತಿಗಳ ಬೆಲೆ ಖಂಡಿತ ಗಗನಕ್ಕೇರುತ್ತದೆ. ಚಿತ್ರಗಾರರ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕಣ್ಣು ಬರೆಯಲು ಬರುತ್ತದೆ. ಅವನೂ ಮಿಕ್ಕ ದಿನಗಳಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ.

ಕೊನೆಗೆ 65,000ಕ್ಕೆ ಮಾತಾಯಿತು. ಜೊತೆಗೆ ಅಕ್ಕಿ, ಬೇಳೆ, ಚಿತ್ರಗಾರರಿಗೆ ಧೋತರ, ಅವರ ಮನೆಯವರಿಗೆ ಸೀರೆ, ಕೆಲಸ ಮುಗಿಯುವವರೆಗೆ ಸರದಿಯ ಮೇಲೆ ಮನೆಮನೆಯ ಊಟ. ಮನೆಗೆ 200 ರೂಪಾಯಿ ಪಟ್ಟಿ ಎತ್ತಿದರು. ಎನಾಮಲ್ ಎಂದು ಹಟ ಹಿಡಿದವನೇ ಓಣಿ ಓಣಿ ತಿರುಗಿ ಪಟ್ಟಿ ವಸೂಲಿ ಮಾಡಿದ.

ಜಾತ್ರೆ ಮುಗಿದ ಮೇಲೆ ಖರ್ಚಿನ ಲೆಕ್ಕವನ್ನು ಗುಡಿಯ ಗೋಡೆಗೆ ಹಚ್ಚಿದ್ದರು. ಬಣ್ಣ: 65,000. ಅದರ ಕೆಳಗಿನ ಸಾಲು, ಡಿಜೆ: 90,000. ಆ ಸಾಲಿನ ಬಗ್ಗೆ ಮೂರು ಸಂಜೆಗಳಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ.